ರೈಟರಮ್ಮ ಕೂಗಿದರೆ ಹೆದರಬೇಡಿ

ನಾನು ಹೋದಲ್ಲೆಲ್ಲ ಯಾರಾದರೊಬ್ಬರು ಬೆಚ್ಚಿ ಬೀಳುತ್ತಾರೆ. ಬೇಕೆಂದು ಯಾರನ್ನೂ ಹೆದರಿಸಿದವಳಲ್ಲ ಮಾರಾಯ್ರೇ, ಆದರೂ ಯಾರದ್ದಾದರೂ ಕೈಯಿಂದ ಲೋಟ ಬೀಳದೆ ನನ್ನ ಒಂದು ದಿನವೂ ಮುಗಿದದ್ದಿಲ್ಲ. ಬ್ಯಾಂಕು, ಬಸ್ಸು, ಮದುವೆ ಮನೆಯ ಊಟದ ಪಂಕ್ತಿ, ಎಲ್ಲ ಕಡೆಯೂ ಇದೇ ಕತೆ.

ವಿಷಯ ಇಷ್ಟೆ. ನಿಮಿಷಕ್ಕೋ ಎರಡು ನಿಮಿಷಕ್ಕೋ ಒಂದು ಸಲ ನನ್ನ ಗಂಟಲಿಂದ ‘ಹೋಯ್!’ ಎಂಬ ಕೂಗು ಹೊರಡುತ್ತದೆ. ಜೊತೆಗೆ ಕುತ್ತಿಗೆ ಬಲಕ್ಕೆ ಜಗ್ಗುತ್ತದೆ, ಎಡಗಣ್ಣು ಮಿಟುಕುತ್ತದೆ. ಕೆಲವು ಸಲ ಕೂಗಿಲ್ಲದೆ ಕಣ್ಣು ಮಾತ್ರ. ಸೀನು ಬಂದ ಹಾಗೆ. ಸ್ವಲ್ಪ ಹೊತ್ತು ತಡೆಯಬಹುದು, ಆದರೆ ತಡೆದಷ್ಟೂ ಜೋರಾಗಿ ಬರುತ್ತದೆ. ಶುರುವಾದಾಗ ನನಗೆ ಏಳು ವರ್ಷ. ಅಜ್ಜಿ ನಮ್ಮ ಅರೆಭಾಷೆಯಲ್ಲಿ ‘ಎಂತ ಆತ್ ಗೂಡೆ ನಿಂಗೆ?’, ಏನಾಯ್ತೇ ಹುಡುಗಿ ನಿನಗೆ, ಎಂದು ಕೇಳಿ ಕೇಳಿ ಸುಸ್ತಾಗಿ ಕೊನೆಗೆ ಒಬ್ಬ ಮಂತ್ರವಾದಿಯನ್ನು ಕರೆಸಿದರು. ಆತ ಮಂಡಲ ಬರೆದು, ಕಣ್ಣು ಮುಚ್ಚಿ, ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ದಾಗ ನಾನು ಕೂಗಿದೆ. ಹಿಂಬಾಗಿಲಿಂದ ಹೋದವನು ತಿರುಗಿ ಬರಲಿಲ್ಲ. ಅವನ ಗಂಟೆ ಇವತ್ತಿಗೂ ನಮ್ಮ ಅಟ್ಟದಲ್ಲಿದೆ.

ಮೂವತ್ತು ದಾಟಿದ ಮೇಲೆ ಮೈಸೂರಿನ ಒಬ್ಬ ಡಾಕ್ಟರು, ‘ಇದಕ್ಕೆ ಟುರೆಟ್ ಸಿಂಡ್ರೋಮ್ ಅಂತಾರಮ್ಮ. ಮೆದುಳಿಗೆ ಸಂಬಂಧಪಟ್ಟದ್ದು. ಹುಚ್ಚಲ್ಲ, ದೆವ್ವ ಅಲ್ಲ, ನಿಮ್ಮ ತಪ್ಪೂ ಅಲ್ಲ’ ಎಂದರು. ಅಷ್ಟು ವರ್ಷ ನನ್ನದೇ ತಪ್ಪು ಎಂದುಕೊಂಡಿದ್ದೆನಲ್ಲ! ಅಲ್ಲೇ ಗೊಳೋ ಎಂದು ಅತ್ತೆ. ಅಳುತ್ತಲೇ ಕೂಗಿದೆ. ಪಕ್ಕದಲ್ಲಿದ್ದ ನರ್ಸಮ್ಮ ಟ್ರೇ ಬೀಳಿಸಿದರು.

ಹೆಸರೇನೋ ಸಿಕ್ಕಿತು, ನೆಟ್ಟಗಿನ ಕೆಲಸ ಸಿಗಲಿಲ್ಲ. ಮೂರು ಅಂಗಡಿಗೆ ಸೇರಿದೆ. ಮೂರರಲ್ಲೂ ಗಿರಾಕಿಗಳು ಹೆದರುತ್ತಾರೆಂದು ನನ್ನನ್ನು ಗೋಡೌನಿನ ಹಿಂದಿನ ಕೋಣೆಗೆ ಹಾಕಿದರು. ಹತ್ತು ವರ್ಷ ಗೋಣಿಚೀಲಗಳ ಮುಖ ನೋಡಿಕೊಂಡು ಕೂತಿದ್ದೆ. ನಲವತ್ತೆರಡನೇ ವಯಸ್ಸಿನಲ್ಲಿ ಪಾಲಿಬೆಟ್ಟದ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಕೆಲಸ ಸಿಕ್ಕಿತು. ಬೆಳಿಗ್ಗೆ ಎಲ್ಲರೂ ಸೇರುವ ಮಸ್ಟರಿನಲ್ಲಿ ಹಾಜರಿ ಕರೆಯಬೇಕು, ಆಳುಗಳನ್ನು ತೋಟಕ್ಕೆ ಕಳಿಸಬೇಕು, ದಿನವಿಡೀ ಅವರ ಜೊತೆ ಇರಬೇಕು. ಆಕಾಶದ ಕೆಳಗೆ, ಜನರ ಮಧ್ಯೆ! ಏನಾದರೂ ಆಗಲಿ, ಈ ಕೆಲಸ ಬಿಡುವುದಿಲ್ಲ ಎಂದು ಮನಸ್ಸಿನಲ್ಲೇ ಹಟ ಹಿಡಿದೆ.

೧. ಮೊದಲ ದಿನದ ಆನೆಗಳು

ಕೆಲಸ ಕೇಳಲು ಹೋದಾಗಲೇ ತೋಟದ ಸಾಹುಕಾರರಿಗೆ ಹೇಳಿದ್ದೆ. ‘ಸರ್, ನಾನು ಆಗಾಗ ಕೂಗ್ತೇನೆ.’

ಎಪ್ಪತ್ತು ದಾಟಿದ ಕೊಡವ ಹಿರಿಯರು ಅವರು. ಮೀಸೆ ತಿರುವಿ, ‘ರೈಟರ್ ಅಂದ ಮೇಲೆ ಕೂಗಲೇಬೇಕಮ್ಮ! ಕೂಗದೆ ಇವರು ಕೆಲಸ ಮಾಡ್ತಾರಾ? ಜೋರಾಗೇ ಕೂಗಿ’ ಎಂದರು. ನಾನೂ ಪೆದ್ದಿ. ವಿಷಯ ಅರ್ಥವಾಗಿದೆ ಎಂದುಕೊಂಡು ಬಂದೆ.

ಪಿಕಿಂಗ್ ಶುರುವಾಗಿತ್ತು. ಗಿಡಗಳ ನಡುವೆ ನುಗ್ಗಿದರೆ ಪಕ್ಕದವರೂ ಕಾಣಿಸುವುದಿಲ್ಲ, ಹಣ್ಣು ಕೀಳುವ ಸದ್ದು ಮಾತ್ರ. ಮಸ್ಟರಿನ ಗದ್ದಲದಲ್ಲಿ ಯಾರೂ ಗಮನಿಸದಿದ್ದ ನನ್ನ ‘ಹೋಯ್!’ ಆ ನಿಶ್ಶಬ್ದದಲ್ಲಿ ಮತ್ತೆ ಬಂತು. ನಮ್ಮ ಕಡೆ ತೋಟದಲ್ಲಿ ಆನೆ ಕಂಡವರು ಉಳಿದವರಿಗೆ ತಿಳಿಯಲೆಂದು ಕೂಗುವುದು ಥೇಟ್ ಹೀಗೆಯೇ. ಆ ಯೋಚನೆ ನನಗೆ ಬರಲೇ ಇಲ್ಲ ನೋಡಿ!

ಹದಿನೆಂಟು ಜನ ಹಣ್ಣಿನ ಚೀಲ ಬಿಸಾಕಿ ರಸ್ತೆಗೆ ಓಡಿದರು. ಎಲ್ಲರೂ ಓಡುವುದನ್ನು ನೋಡಿ ನಾನೂ ಓಡಿದೆ. ಎಲ್ಲರಿಗಿಂತ ಮೊದಲು ರಸ್ತೆ ಮುಟ್ಟಿದವಳು ನಾನೇ.

ಯಾರೋ ಫೋನು ಮಾಡಿದರು, ಆನೆ ಓಡಿಸುವವರ ಜೀಪು ಬಂತು. ‘ಎಲ್ಲಿದೆ?’ ಎಂದರೆ ಒಬ್ಬ, ‘ಹೊಳೆ ಬದಿಯಲ್ಲಿ, ಒಂಟಿ ಸಲಗ’ ಎಂದ. ಟ್ರ್ಯಾಕ್ಟರ್ ಡ್ರೈವರ್, ‘ಒಂದಲ್ಲ ಸಾರ್, ಎರಡು. ನಾನು ಕಣ್ಣಾರೆ ನೋಡಿದೆ’ ಎಂದ. ಇನ್ನೊಬ್ಬಳು, ‘ಮರಿಯೂ ಇತ್ತು’ ಎಂದಳು. ಜೀಪಿನವರು ಮಧ್ಯಾಹ್ನದವರೆಗೆ ಇಡೀ ತೋಟ ಜಾಲಾಡಿದರು. ಲದ್ದಿ ಕೂಡ ಸಿಗಲಿಲ್ಲ. ಅವರ ಪಟಾಕಿ ಗದ್ದಲದಲ್ಲಿ ಅಲ್ಲಿಯವರೆಗೆ ನನ್ನ ಕೂಗು ಯಾರಿಗೂ ಕೇಳಿಸಿರಲಿಲ್ಲ. ಅವರು ಬೆವರು ಒರೆಸಿಕೊಳ್ಳುತ್ತ ನಿಂತಿದ್ದಾಗ ಪಕ್ಕದಲ್ಲೇ ನಿಂತಿದ್ದ ನನ್ನ ಗಂಟಲಿಂದ ಇನ್ನೊಂದು ‘ಹೋಯ್!’

ಆಳುಗಳೆಲ್ಲ ಮತ್ತೆ ದಿಕ್ಕಾಪಾಲು. ಅವರಲ್ಲಿ ಓಡದೆ ನಿಂತವಳು ಒಬ್ಬಳೇ, ಆಳುಗಳ ಲೈನ್‌ಮನೆಯ ತಮಿಳು ಮುದುಕಿ. ಎಲ್ಲರೂ ಅವಳನ್ನು ಪಾಟಿ, ಅಂದರೆ ಅಜ್ಜಿ, ಎಂದೇ ಕರೆಯುವುದು. ಪಾಟಿ ನನ್ನ ಬಾಯಿಯನ್ನೇ ನೋಡಿದಳು. ಆಮೇಲೆ ಜೀಪಿನವರ ಕಡೆ ತಿರುಗಿ ನನ್ನತ್ತ ಬೆರಳು ತೋರಿಸಿ, ‘ಆನೆ ಸಿಕ್ತು ಸಾರ್’ ಎಂದಳು.

೨. ಮಸ್ಟರಿನಲ್ಲಿ ಭಾಷಣ

ಸಂಜೆ ಸಾಹುಕಾರರು ಕರೆಸಿದರು. ‘ಏನಮ್ಮ ಇದು? ಆಳುಗಳು ಹೀಗೆ ಓಡ್ತಾ ಇದ್ರೆ ಹಣ್ಣೆಲ್ಲ ಗಿಡದಲ್ಲೇ ಒಣಗಿ ಹೋಗ್ತದೆ.’

ಎಲ್ಲ ವಿವರಿಸಿದೆ. ತಲೆ ಕೆರೆದುಕೊಂಡರು. ‘ಕಾಯಿಲೆ ಅಂದ ಮೇಲೆ ನಾನು ಏನು ಹೇಳಲಿ? ಸ್ವಲ್ಪ ದಿನ ನೋಡೋಣ. ಕೆಲಸದವರು ಒಪ್ಪಬೇಕಲ್ಲ. ಆಗದಿದ್ರೆ ಬೇರೆ ರೈಟರ್ ಹುಡುಕಬೇಕಾಗ್ತದೆ.’

ಗೋಡೌನಿನ ಆ ಕೋಣೆ ಕಣ್ಣ ಮುಂದೆ ಬಂತು. ಮಾರನೇ ದಿನ ಮಸ್ಟರಿನಲ್ಲಿ ಹಾಜರಿ ಮುಗಿಸಿ ಭಾಷಣಕ್ಕೆ ನಿಂತೆ. ತಮಿಳರು, ಮಲಯಾಳಿಗಳು, ತುಳು ಮಾತಾಡುವವರು, ಅಸ್ಸಾಮಿನಿಂದ ಬಂದವರು, ಎಲ್ಲರೂ ಇದ್ದರು. ಅವರಿಗೆಲ್ಲ ಅರ್ಥವಾಗುವ ಹಾಗೆ ನಿಧಾನವಾಗಿ ಹೇಳಿದೆ. ‘ನನಗೆ ಟುರೆಟ್ ಅಂತ ಒಂದು ತೊಂದರೆ ಇದೆ.’

ಅಷ್ಟೇ. ಮುಂದಿನ ಸಾಲಿನವರು ಎರಡು ಹೆಜ್ಜೆ ಹಿಂದೆ ಹೋಗಿ ಸೆರಗು, ಟವೆಲು ಮೂಗಿಗೆ ಕಟ್ಟಿಕೊಂಡರು.

‘ಅಂಟೋದಿಲ್ಲ!’ ಎಂದೆ. ‘ಇದು ಜ್ವರ ಅಲ್ಲ. ನಾನು ಬೇಕಂತ ಕೂಗೋದೂ ಅಲ್ಲ. ನಿಮಗೆ ಬಿಕ್ಕಳಿಕೆ ಬಂದ್ರೆ ನಿಲ್ಸು ಅಂದ ಕೂಡ್ಲೇ ನಿಲ್ತದಾ? ಹಾಗೇ. ನಾನು ಕೂಗಿದರೆ ಹೆದರಬೇಡಿ. ತಿರುಗಿ ನೋಡಬೇಡಿ, ನಗಬೇಡಿ. ನಿಮ್ಮ ಪಾಡಿಗೆ ಹಣ್ಣು ಕೀಳ್ತಾ ಇರಿ. ಅದೇ ನನಗೆ ದೊಡ್ಡ ಉಪಕಾರ.’

ಟ್ರ್ಯಾಕ್ಟರ್ ಡ್ರೈವರ್ ಕೈ ಎತ್ತಿದ. ‘ಮೇಡಂ, ಇದು ಮೊಬೈಲಲ್ಲಿ ಬರ್ತದಲ್ಲ, ಬಾಯಿಗೆ ಬಂದ ಹಾಗೆ ಬೈಯೋ ಕಾಯಿಲೆ, ಅದಲ್ವಾ?’

‘ಹಾಗೆ ಆಗೋದು ಕೆಲವರಿಗೆ ಮಾತ್ರ. ನನಗಿಲ್ಲ.’

‘ಒಂದೂ ಬೈಯಲ್ವಾ?’

‘ಇಲ್ಲ.’

ಅವನ ಮುಖ ಬಾಡಿತು. ‘ಒಂದಾದ್ರೂ ಚಿಕ್ಕದು?’

ಮಾರಾಯ್ರೇ, ನನಗೆ ತಾಳ್ಮೆ ಮೊದಲೇ ಕಮ್ಮಿ. ನಿನ್ನೆ ಇಲ್ಲದ ಎರಡು ಸಲಗವನ್ನು ಕಣ್ಣಾರೆ ನೋಡಿದವನು ಇವನೇ. ಅವನ ಕಣ್ಣಿನಿಂದ ಶುರು ಮಾಡಿ ಅವನ ಟ್ರ್ಯಾಕ್ಟರಿನ ಹಿಂದಿನ ಚಕ್ರದವರೆಗೆ ಒಂದೇ ಉಸಿರಿಗೆ ಬೈದೆ. ಮುಂದಿನ ಸಾಲಿನವರು ಟವೆಲು ಇನ್ನಷ್ಟು ಬಿಗಿ ಮಾಡಿಕೊಂಡರು. ಅವನು ಮಾತ್ರ ಕೈ ತಟ್ಟಿ, ‘ಬಂತು, ಬಂತು! ನೋಡಿ, ಕಾಯಿಲೆ ಬಂತು!’ ಎಂದು ಕುಣಿದ.

‘ಇದು ಕಾಯಿಲೆ ಅಲ್ಲವೋ’ ಎಂದೆ. ‘ಇದು ನಾನು.’

೩. ಮಿಟುಕಿದ ಕಣ್ಣು

ತೋಟದ ಸರ್ವೆ ನಕ್ಷೆ ಒಂದು ಕಚೇರಿಯಲ್ಲಿ ಸಿಕ್ಕಿಹಾಕಿಕೊಂಡಿತ್ತು. ಯಾವ ಊರಿನದೆಂದು ಕೇಳಬೇಡಿ. ಸಾಹುಕಾರರು, ‘ನೀವು ಹೋಗಿ ಬನ್ನಿ’ ಎಂದರು. ಅಷ್ಟು ಹೊತ್ತಾದರೂ ತೋಟ ಶಾಂತವಾಗಿರಲಿ ಎಂಬ ಆಸೆಯೂ ಇದ್ದೀತು.

ಕಡತ ನೋಡುತ್ತಿದ್ದವರು ನಿವೃತ್ತಿಗೆ ಹತ್ತಿರವಾದ ಗುಮಾಸ್ತರು. ಮುಖವೆತ್ತದೆ, ‘ಮುಂದಿನ ತಿಂಗಳು ಬನ್ನಿ’ ಎಂದರು. ಆಮೇಲೆ ಮುಖವೆತ್ತಿದರು. ಸರಿಯಾಗಿ ಅದೇ ಹೊತ್ತಿಗೆ ನನ್ನ ಎಡಗಣ್ಣು ಮಿಟುಕಿತು. ಅವರು ಬೆಚ್ಚಿ ಕಿಟಕಿಯ ಕಡೆ ನೋಡಿದರು. ಮೆಲ್ಲಗೆ ಮತ್ತೆ ನನ್ನ ಕಡೆ ನೋಡಿದರು. ಮತ್ತೆ ಮಿಟುಕಿತು. ಮೂರನೆಯದಕ್ಕೆ ಅವರೇ ಎದ್ದು ಕುರ್ಚಿ ತಂದು ಹಾಕಿದರು.

‘ಕಾಫಿ ತರಿಸ್ಲಾ? ನಕ್ಷೆ ಬುಧವಾರ ರೆಡಿ ಇರ್ತದೆ.’

ಬುಧವಾರ ಹೋದರೆ ನಾನೇ ಬೆಚ್ಚಿದೆ. ಹೊಸ ಶರ್ಟು. ಕೂದಲಿಗೆ ಕಪ್ಪು ಬಣ್ಣ, ಅದರಲ್ಲಿ ಅರ್ಧ ಹಣೆಗೂ ಇಳಿದಿತ್ತು. ಅಯ್ಯೋ ದೇವರೇ ಎಂದುಕೊಂಡು, ನಕ್ಷೆ ಕೈಗೆ ಬಂದ ಮೇಲೆ ಇದ್ದದ್ದು ಇದ್ದ ಹಾಗೆ ಹೇಳಿದೆ. ‘ಸರ್, ನನಗೆ ಟುರೆಟ್ ಸಿಂಡ್ರೋಮ್. ಕಣ್ಣು ತಾನಾಗಿ ಮಿಟುಕ್ತದೆ. ತಪ್ಪು ತಿಳಿಯಬೇಡಿ.’

ಅವರು ಪೇಪರ್‌ವೇಯ್ಟ್ ಒಂದು ಸುತ್ತು ತಿರುಗಿಸಿದರು. ಆಮೇಲೆ ಪಕ್ಕದ ಮೇಜಿಗೆ ಕೇಳಿಸದ ಹಾಗೆ ಬಗ್ಗಿ ಕೇಳಿದರು. ‘ಮೊನ್ನೆ ಮೂರು ಸಲ ಮಿಟುಕಿದ್ರಲ್ಲ...’

‘ಮೂರೂ ಕಾಯಿಲೆಯದ್ದೇ ಸರ್.’

‘ಒಂದಾದ್ರೂ ನಿಮ್ಮದಲ್ವಾ?’

೪. ಸಾಹುಕಾರರ ಗುರಿ

ನಕ್ಷೆ ತಂದದ್ದಕ್ಕೆ ಸಾಹುಕಾರರು ಖುಷಿಯಾದರು. ಕೊಡವರ ಸುಗ್ಗಿ ಹಬ್ಬ ಹುತ್ತರಿಯ ಸಮಯದಲ್ಲಿ ನಡೆಯುವ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ, ‘ನೀವೂ ಬನ್ನಿ, ನನ್ನ ಗುರಿ ನೋಡಿ’ ಎಂದು ಕರೆದರು. ಬೇಡ ಎನ್ನಬೇಕಿತ್ತು. ಕೆಲಸ ಉಳಿಯುವ ಲಕ್ಷಣ ಕಂಡಿತಲ್ಲ, ಹೋದೆ.

ಎತ್ತರದ ಮರದ ತುದಿಗೆ ಕಾಯಿ ಕಟ್ಟಿದ್ದರು. ಒಬ್ಬೊಬ್ಬರೇ ಕೋವಿ ಹಿಡಿದು ನಿಂತಾಗ ಮೈದಾನವೆಲ್ಲ ಸ್ತಬ್ಧ. ಸಾಹುಕಾರರ ಸರದಿ ಬಂತು. ನಾನು ಓಡಿಹೋಗಿ ಜೀಪಿನ ಹಿಂದೆ ಕೂತು, ಎರಡೂ ಕೈಯಿಂದ ಬಾಯಿ ಮುಚ್ಚಿದೆ. ತಡೆದುಕೊಂಡೆ. ಸಾಹುಕಾರರು ಗುರಿ ಹಿಡಿದರು. ನಾನು ತಡೆದುಕೊಂಡೆ. ಅವರು ಕೋವಿ ಇಳಿಸಿ ಕನ್ನಡಕ ಒರೆಸಿದರು. ದೇವರೇ! ಮತ್ತೆ ಗುರಿ ಹಿಡಿದರು. ಮೀಸೆ ಸರಿ ಮಾಡಿಕೊಂಡರು. ನನ್ನ ಕಣ್ಣಲ್ಲಿ ನೀರು ಬಂತು.

‘ಹೋ...ಯ್!’

ಆ ಕೂಗಿಗೆ ಜೀಪಿನ ಗಾಜೇ ನಡುಗಿತು. ಢಂ ಎಂದು ಗುಂಡು ಹಾರಿತು. ಕಟ್ಟಿದ ಕಾಯಿ ಅಲ್ಲೇ ಇತ್ತು. ಮೂರು ಮಾರು ಆಚೆಗಿದ್ದ ತೆಂಗಿನ ಮರದಿಂದ ಒಂದಿಡೀ ಗೊನೆ ಎಳನೀರು, ಅದರ ನೆರಳಿನಲ್ಲಿ ಸ್ಪರ್ಧೆಯ ಅಧ್ಯಕ್ಷರಿಗೆಂದು ಇಟ್ಟಿದ್ದ ಖಾಲಿ ಕುರ್ಚಿಯ ಮೇಲೆ ಬಿತ್ತು. ಕುರ್ಚಿ ನಾಲ್ಕು ತುಂಡಾಯಿತು. ಅಧ್ಯಕ್ಷರು ಆಗ ತಾನೇ ಎದ್ದು ನೀರು ಕುಡಿಯಲು ಹೋಗಿದ್ದರು, ಪುಣ್ಯ.

ಸಾಹುಕಾರರ ಹಳೆಯ ಎದುರಾಳಿಯೊಬ್ಬರು ನಿಧಾನವಾಗಿ ನಡೆದು ಬಂದರು. ಒಂದು ಎಳನೀರು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ‘ನೀರು ಚೆನ್ನಾಗಿದೆ. ಇನ್ನೊಂದು ಗೊನೆ ಇಳಿಸಿಬಿಡಿ’ ಎಂದರು.

೫. ಬಾರದ ಕೂಗು

ಸಾಹುಕಾರರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಒಂದು ವಾರ ಕಳೆದ ಮೇಲೆ ಕರೆದು, ನೆಲ ನೋಡುತ್ತ, ‘ಬೇಜಾರು ಮಾಡ್ಕೋಬೇಡಿ. ಇನ್ನೊಬ್ಬ ರೈಟರಿಗೆ ಹೇಳಿದ್ದೇನೆ. ಸಂಕ್ರಾಂತಿ ಕಳೆದ ಮೇಲೆ ಬಂದು ನೋಡ್ತಾನೆ’ ಎಂದರು. ನಾನು ತಲೆಯಾಡಿಸಿ ಹೊರಗೆ ಬಂದೆ. ಕಾಫಿ ಗಿಡದ ಮರೆಯಲ್ಲಿ ನಿಂತು ಚೆನ್ನಾಗಿ ಅತ್ತೆ.

ಹೊಟ್ಟೆ ಉರಿದದ್ದು ಯಾಕೆಂದರೆ ಅಷ್ಟರಲ್ಲಿ ತೋಟದವರೆಲ್ಲ ಒಗ್ಗಿಹೋಗಿದ್ದರು. ನಾನು ಎಷ್ಟು ಕೂಗಿದರೂ ಒಬ್ಬರೂ ತಲೆ ಎತ್ತುತ್ತಿರಲಿಲ್ಲ. ತೋಟ ನೋಡಲು ಬಂದ ಒಬ್ಬ ವ್ಯಾಪಾರಿ ನನ್ನನ್ನು ನೋಡಿ ಕಿಸಕ್ಕೆಂದಾಗ ಪಾಟಿ ಸೊಂಟಕ್ಕೆ ಕೈ ಕೊಟ್ಟು, ‘ಏನು ನೋಡ್ತೀರಿ? ಅದು ಟುರೆಟ್. ಓದಿದವರು, ಇಷ್ಟೂ ಗೊತ್ತಿಲ್ವಾ?’ ಎಂದು ಗದರಿದ್ದಳು. ಆತ ಸಾರಿ ಕೇಳಿ ಹೋದ.

ಸಂಕ್ರಾಂತಿ ಕಳೆದ ಎರಡನೇ ದಿನ. ಇಳಿಜಾರಿನ ಕೆಳಗೆ ಎಲ್ಲರೂ ಹಣ್ಣು ಕೀಳುತ್ತಿದ್ದರು. ಮೇಲೆ ನಿಂತಿದ್ದ ನಾನು ಹಾಗೇ ತಿರುಗಿದೆ. ಹತ್ತು ಮಾರು ದೂರದಲ್ಲಿ, ಮೆಣಸಿನ ಬಳ್ಳಿ ಹಬ್ಬಿದ ಮರದ ಪಕ್ಕ, ಆನೆ. ನಿಜವಾದ ಆನೆ! ಕಿವಿ ಕೂಡ ಅಲ್ಲಾಡಿಸದೆ ನಿಂತಿತ್ತು. ಆಮೇಲೆ ಸದ್ದಿಲ್ಲದೆ ಕೆಳಗೆ, ಅವರಿದ್ದ ಕಡೆಗೆ, ಒಂದು ಹೆಜ್ಜೆ ಇಟ್ಟಿತು.

ಕೂಗಬೇಕು. ಬಾಯಿ ತೆರೆದೆ. ಹೆದರಿಕೆಗೆ ಬಾಯಿಂದ ಗಾಳಿ ಬಿಟ್ಟರೆ ಬೇರೇನೂ ಬರಲಿಲ್ಲ. ಮೂವತ್ತೈದು ವರ್ಷ ಬೇಡವೆಂದರೂ ಬಂದದ್ದು ಆಗ ಬೇಕೆಂದರೂ ಬರಲಿಲ್ಲ. ಮನಸ್ಸೆಲ್ಲ ಒಂದೇ ಕಡೆ ನೆಟ್ಟರೆ ಕೆಲವು ಸಲ ಹೀಗೆ ನಿಂತುಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಹಾಳಾದ್ದು, ನಿಲ್ಲಲು ಇದೇ ಹೊತ್ತು ಬೇಕಿತ್ತಾ! ಒಂದು ನಿಮಿಷ ಹೋಯಿತು. ಎರಡಾಯಿತು. ಆನೆ ಇನ್ನೊಂದು ಹೆಜ್ಜೆ ಇಟ್ಟಿತು. ನಾನು ಅದರ ಕಡೆ ಕೈ ಚಾಚಿದೆ.

ಆಗ ಕೆಳಗಿನಿಂದ ಪಾಟಿಯ ಸ್ವರ ಕೇಳಿತು. ‘ಎಲ್ರೂ ನಿಲ್ಸಿ. ರೈಟರಮ್ಮ ಯಾಕೆ ಸುಮ್ನಾದ್ರು?’

ಹದಿನೆಂಟು ತಲೆ ಒಟ್ಟಿಗೆ ಮೇಲೆದ್ದವು. ಅವರಿಗೆ ಕಂಡದ್ದು ಕಂಬದ ಹಾಗೆ ನಿಂತಿದ್ದ ನಾನು, ನನ್ನ ಚಾಚಿದ ಕೈ, ಕೈಯ ಆಚೆ ಬೂದು ಬಣ್ಣ. ಒಬ್ಬರೂ ಕಿರುಚಲಿಲ್ಲ. ಚೀಲ ಅಲ್ಲೇ ಬಿಟ್ಟು ಹಿಂದೆ ಹಿಂದೆ ಹೆಜ್ಜೆ ಇಡುತ್ತ ರಸ್ತೆ ಸೇರಿದರು. ನಾನು ಮೇಲಿನ ದಾರಿಯಿಂದ ಬಳಸಿ ಬಂದೆ. ಆನೆ ಅವರು ನಿಂತಿದ್ದ ಸಾಲಿನಲ್ಲೇ ನಡೆದು, ಚೀಲಗಳನ್ನು ಅಪ್ಪಚ್ಚಿ ಮಾಡಿ ಹೊಳೆಯ ಕಡೆ ಇಳಿಯಿತು.

ರಸ್ತೆಯಲ್ಲಿ ಎಲ್ಲರನ್ನೂ ಎಣಿಸಿ ನೋಡಿದೆ. ಹದಿನೆಂಟೂ ಇದ್ದರು. ಅಲ್ಲೇ ನೆಲದ ಮೇಲೆ ಕೂತೆ. ಆಗ ಶುರುವಾಯಿತು ನೋಡಿ, ‘ಹೋಯ್! ಹೋಯ್! ಹೋಯ್!’ ಸಾಲುಸಾಲಾಗಿ. ಬಿದ್ದು ಬಿದ್ದು ನಕ್ಕವರೂ ಇದ್ದರು, ಅತ್ತವರೂ ಇದ್ದರು. ಪಾಟಿ ನನ್ನ ಕೈ ಹಿಡಿದು ಪಕ್ಕದಲ್ಲೇ ಕೂತಳು. ‘ಕೂಗು ತಾಯಿ, ಚೆನ್ನಾಗಿ ಕೂಗು. ನೀನು ಸುಮ್ನಿದ್ರೆ ನಮಗೆ ಭಯ.’

೬. ಬದಲಿ ರೈಟರ್

ಸಾಹುಕಾರರು ವಿಷಯ ಕೇಳಿ ಬೆಚ್ಚಿದರು. ‘ಹೆದರಿದ್ದೀರಿ, ನಾಳೆ ಒಂದು ದಿನ ಮನೆಯಲ್ಲೇ ಇರಿ’ ಎಂದರು. ಮಾರನೇ ದಿನ ಬೆಳಿಗ್ಗೆ ತೋಟದೊಳಗಿನ ನನ್ನ ಕ್ವಾರ್ಟರ್ಸಿನ ಕಿಟಕಿಯಿಂದ ನೋಡಿದರೆ ಮಸ್ಟರಿನ ಕಡೆಗೆ ಇಸ್ತ್ರಿ ಮಾಡಿದ ಶರ್ಟಿನ ಒಬ್ಬ ಹೊಸಬ ನಡೆದು ಹೋಗುತ್ತಿದ್ದ. ಓ, ಬದಲಿ ರೈಟರ್ ಬಂದ. ಮನೆಯಲ್ಲಿರಿ ಅಂದದ್ದು ಇದಕ್ಕೇ ಅಂದುಕೊಂಡೆ. ಪಾತ್ರೆ ಕಟ್ಟಲು ಶುರು ಮಾಡಿದೆ.

ಅಷ್ಟರಲ್ಲಿ ತೋಟದಿಂದ ಕೇಳಿತು. ‘ಹೋಯ್!’

ಕೈಯಲ್ಲಿದ್ದ ಪಾತ್ರೆ ಬಿತ್ತು. ನಾನು ಕೂಗಿರಲಿಲ್ಲ. ಗಂಡಸಿನ ಸ್ವರ. ಎರಡು ನಿಮಿಷ ಕಳೆದು ಮತ್ತೆ ‘ಹೋಯ್!’ ಅಂಟೋದಿಲ್ಲ ಅಂತ ಅಷ್ಟು ಜನರ ಮುಂದೆ ಭಾಷಣ ಮಾಡಿದ್ದೆನಲ್ಲ! ಚಪ್ಪಲಿ ಮೆಟ್ಟದೆ ಓಡಿದೆ.

ತೋಟದ ಅಂಚಿನಲ್ಲಿ ಹದಿನೆಂಟು ಜನ ಖಾಲಿ ಚೀಲ ಹಿಡಿದು ನಿಂತಿದ್ದರು. ಅವರ ಮುಂದೆ ಹೊಸ ರೈಟರ್, ಮುಖ ಕೆಂಪಾಗಿ, ಕತ್ತಿನ ನರ ಉಬ್ಬಿಸಿ, ‘ಹೋಯ್!’ ಎನ್ನುತ್ತಿದ್ದ. ಪಾಟಿ ತಲೆಯಾಡಿಸುತ್ತಿದ್ದಳು. ‘ಸಾಲ್ದು ಸಾರ್. ರೈಟರಮ್ಮಂದು ಹೊಳೆವರೆಗೂ ಕೇಳ್ತದೆ. ಇನ್ನೊಂದ್ಸಲ.’ ಪಕ್ಕದಲ್ಲಿ ಸಾಹುಕಾರರು ತಲೆ ಮೇಲೆ ಕೈ ಹೊತ್ತು ನಿಂತಿದ್ದರು.

‘ಏನು ಸರ್ ಇದು?’ ಎಂದೆ.

‘ರೈಟರ್ ಕೂಗದಿದ್ರೆ ತೋಟಕ್ಕೆ ಇಳಿಯಲ್ಲ ಅಂತಾರಮ್ಮ. ಕೂಗು ನಿಂತ್ರೆ ಆನೆ ಬಂದಿದೆ ಅಂತ ಗೊತ್ತಾಗ್ತದಂತೆ. ಅದಿಲ್ಲದೆ ನಂಬಿಕೆ ಇಲ್ವಂತೆ.’

ಹೊಸ ರೈಟರ್ ನನ್ನ ಹತ್ತಿರ ಬಂದ. ಸ್ವರವೇ ಬರುತ್ತಿರಲಿಲ್ಲ ಪಾಪ. ‘ಮೇಡಂ, ಇದು ಡ್ಯೂಟಿಯಲ್ಲೇ ಸೇರಿದೆಯಾ? ಸಂಜೆವರೆಗೂ ಕೂಗ್ಬೇಕಾ?’

ನಾನು ಉತ್ತರ ಕೊಡಲು ಬಾಯಿ ತೆರೆದೆ. ಉತ್ತರದ ಬದಲು ‘ಹೋಯ್!’ ಬಂತು. ಹೊಳೆ ದಾಟಿ ಹೋಯಿತು. ಹದಿನೆಂಟು ಜನ ಒಂದು ಮಾತಾಡದೆ ಗಿಡಗಳೊಳಗೆ ಇಳಿದು ಹಣ್ಣು ಕೀಳಲು ಶುರು ಮಾಡಿದರು. ಪಾಟಿ ಕೂಡ ತಿರುಗಿ ನೋಡಲಿಲ್ಲ.

‘ಸರ್, ಬೆಳಿಗ್ಗೆಯಿಂದ ನಾನೂ ಅದನ್ನೇ ಕೂಗಿದ್ದು!’ ಎಂದ ಹೊಸ ರೈಟರ್, ಅಳುವ ದನಿಯಲ್ಲಿ.

ಸಾಹುಕಾರರು ಅವನ ಹೆಗಲ ಮೇಲೆ ಕೈಯಿಟ್ಟರು. ‘ಬೇಜಾರು ಮಾಡ್ಕೋಬೇಡಿ. ಅವರದ್ದು ಮೂವತ್ತೈದು ವರ್ಷದ ಸರ್ವಿಸ್.’